ಹೊಸ ತಪಾಸಣಾ ಸಾಧನಗಳು, ದೂರದಿಂದ ರೋಗಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ವೈದ್ಯಕೀಯ ಸಾಧನಗಳ ಕಡತಗಳನ್ನು ಓದಿ ಅಭಿಪ್ರಾಯ ಬರೆದುಕೊಡುವುದು ಹಲವು ವರ್ಷಗಳಿಂದ ನನ್ನ ಕೆಲಸದ ಒಂದು ಪಾಲು. ಕಡತಗಳು ದಪ್ಪವಾಗಿರುತ್ತವೆ, ಒಳಗಿನ ನಕ್ಷೆಗಳು ಚಂದವಾಗಿರುತ್ತವೆ. ಆದರೆ ನಾನು ಹುಡುಕುವ ಒಂದು ಪುಟ ಮಾತ್ರ ಬಹಳ ಸಲ ಸಿಗುವುದೇ ಇಲ್ಲ: ಫಲಿತಾಂಶ ಕೈಗೆ ಬಂದ ಮೇಲೆ ಆ ಮನುಷ್ಯನಿಗೆ ಏನಾಯಿತು? ವೈದ್ಯರು, ಆಸ್ಪತ್ರೆಯ ಆಡಳಿತದವರು, ಸಾಧನ ತಯಾರಿಸುವ ಎಂಜಿನಿಯರುಗಳು, ಸುಮ್ಮನೆ ಕುತೂಹಲ ಇರುವವರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಸ್ಕ್ರೀನಿಂಗ್ ಬೇರೆ, ರೋಗನಿರ್ಣಯ ಬೇರೆಯೇ?

ಬೇರೆ. ನೋವು, ಜ್ವರ, ಕೆಮ್ಮು ಎಂದು ತಾನಾಗಿ ಬಂದವರಲ್ಲಿ ಕಾಯಿಲೆ ಯಾವುದೆಂದು ಹುಡುಕುವುದು ರೋಗನಿರ್ಣಯ. ಏನೂ ತೊಂದರೆ ಇಲ್ಲದೆ ತಮ್ಮ ಪಾಡಿಗೆ ತಾವಿದ್ದವರನ್ನು ಕರೆದು ‘ಬನ್ನಿ, ಒಮ್ಮೆ ನೋಡೋಣ’ ಎನ್ನುವುದು ಸ್ಕ್ರೀನಿಂಗ್. ಮೊದಲನೆಯದರಲ್ಲಿ ರೋಗಿ ನಮ್ಮನ್ನು ಹುಡುಕಿಕೊಂಡು ಬಂದಿದ್ದಾನೆ. ಎರಡನೆಯದರಲ್ಲಿ ನಾವೇ ಅವನ ಬಾಗಿಲು ತಟ್ಟಿದ್ದೇವೆ. ಬಾಗಿಲು ತಟ್ಟಿದವರ ಹೊಣೆ ದೊಡ್ಡದು.

ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ಬರೆದುಕೊಟ್ಟ ಹತ್ತು ಸೂತ್ರಗಳು ಇಂದಿಗೂ ಹಳತಾಗಿಲ್ಲ. ಗಮನಿಸಿ, ಆ ಹತ್ತರಲ್ಲಿ ಪರೀಕ್ಷೆಯ ಬಗ್ಗೆ ನೇರವಾಗಿ ಮಾತನಾಡುವುದು ಎರಡೇ: ಪರೀಕ್ಷೆ ತಕ್ಕುದಾಗಿರಬೇಕು, ಜನ ಅದನ್ನು ಒಪ್ಪುವಂತಿರಬೇಕು. ಉಳಿದ ಎಂಟೂ ಕಾಯಿಲೆಯ ಗತಿ, ಚಿಕಿತ್ಸೆ, ಸೌಲಭ್ಯ, ಯಾರಿಗೆ ಚಿಕಿತ್ಸೆ ಕೊಡಬೇಕೆಂಬ ನೀತಿ, ಖರ್ಚು, ಕಾರ್ಯಕ್ರಮದ ನಿರಂತರತೆ ಇಂಥವುಗಳ ಬಗ್ಗೆ. ನನ್ನ ಮೇಜಿಗೆ ಬರುವ ಕಡತಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ.

‘ಶೇ. 95ರಷ್ಟು ನಿಖರ’ ಎಂದು ಬರೆದಿದ್ದಾರೆ. ಒಳ್ಳೆಯದೇ ತಾನೆ?

ಯಾವ 95 ಎಂದು ಮೊದಲು ಕೇಳಿ. ಸಾವಿರಕ್ಕೆ ಒಬ್ಬರಿಗೆ ಇರುವ ಕಾಯಿಲೆಯೊಂದನ್ನು ತೆಗೆದುಕೊಳ್ಳಿ. ಯಾರನ್ನೂ ನೋಡದೆ ಎಲ್ಲರಿಗೂ ‘ರೋಗವಿಲ್ಲ’ ಎಂದು ಬರೆದುಕೊಡುವ ಕಲ್ಲುಗುಂಡೂ ಶೇ. 99.9ರಷ್ಟು ನಿಖರ! ಆದ್ದರಿಂದ ‘ನಿಖರತೆ’ ಎಂಬ ಒಂಟಿ ಅಂಕಿಯನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಎರಡು ಅಂಕಿ ಬೇಕು. ರೋಗ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯಿತು ಎನ್ನುವುದು ಸಂವೇದನೆ, ರೋಗ ಇಲ್ಲದವರಲ್ಲಿ ಎಷ್ಟು ಜನರನ್ನು ಸುಮ್ಮನೆ ಬಿಟ್ಟಿತು ಎನ್ನುವುದು ನಿರ್ದಿಷ್ಟತೆ. ಎಕ್ಸ್‌ರೇ ವಿಧಾನಗಳ ಕುರಿತು 1947ರಲ್ಲಿ ಬರೆದ ಲೇಖನದಲ್ಲಿ ಯಾಕೋಬ್ ಯೆರುಶಾಲ್ಮಿ ಈ ಎರಡು ಪದಗಳನ್ನು ಬಳಕೆಗೆ ತಂದರು.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಸಂವೇದನೆ ಶೇ. 90, ನಿರ್ದಿಷ್ಟತೆ ಶೇ. 95 ಇರುವ ಯಂತ್ರ. ಮುಂದೆ ಸಾಲಾಗಿ ನಿಂತ 10,000 ಜನ. ಅವರಲ್ಲಿ ರೋಗ ಇರುವವರು 10. ಯಂತ್ರ 9 ಜನರನ್ನು ಹಿಡಿಯುತ್ತದೆ, ಒಬ್ಬರು ಕೈತಪ್ಪುತ್ತಾರೆ. ರೋಗವಿಲ್ಲದ 9,990 ಜನರಲ್ಲಿ ಶೇ. 5, ಅಂದರೆ ಸುಮಾರು 500 ಜನರಿಗೂ ‘ಇದೆ’ ಎನ್ನುತ್ತದೆ. ಒಟ್ಟು 509 ಜನರ ಮನೆಗೆ ಕೆಟ್ಟ ಸುದ್ದಿ ಹೋಯಿತು. ಅದರಲ್ಲಿ ನಿಜವಾದದ್ದು 9. ಸುಮಾರು 57ಕ್ಕೆ ಒಂದು.

ಅದೇ ಯಂತ್ರವನ್ನು ಐವರಲ್ಲಿ ಒಬ್ಬರಿಗೆ ಆ ರೋಗ ಇರುವ ತಜ್ಞರ ಚಿಕಿತ್ಸಾಲಯದಲ್ಲಿ ಇಡಿ. 10,000ದಲ್ಲಿ 2,000 ರೋಗಿಗಳು, ಅವರಲ್ಲಿ 1,800 ಸಿಕ್ಕುತ್ತಾರೆ. 8,000 ಆರೋಗ್ಯವಂತರಲ್ಲಿ 400 ಸುಳ್ಳು ಎಚ್ಚರಿಕೆ. ಪಾಸಿಟಿವ್ ಬಂದವರಲ್ಲಿ ಶೇ. 82 ನಿಜ. ಯಂತ್ರದ ಒಂದು ಮೊಳೆಯೂ ಬದಲಾಗಿಲ್ಲ, ಬದಲಾದದ್ದು ಅದರ ಮುಂದೆ ನಿಂತ ಜನ. ಮಾರಾಟಗಾರರು ಎರಡನೆಯ ಜಾಗದ ಅಂಕಿ ತೋರಿಸಿ ಮೊದಲನೆಯ ಜಾಗಕ್ಕೆ ಯಂತ್ರ ಮಾರುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಕೆಲವರು ಬೇಕೆಂದೇ ಮಾಡುತ್ತಾರೆ, ಬಹಳ ಜನ ತಿಳಿಯದೆ ಮಾಡುತ್ತಾರೆ.

ಆ 509 ಜನರನ್ನು ಇನ್ನೊಂದು ಪರೀಕ್ಷೆ ಮಾಡಿ ಬಿಟ್ಟರಾಯಿತಲ್ಲ?

ಯಾರು ಮಾಡುತ್ತಾರೆ? ಮುಂದಿನ ಹಂತದ ಪರೀಕ್ಷೆ ಮಾಡಬಲ್ಲ ತಜ್ಞರು ಒಬ್ಬರೇ ಇದ್ದು, ತಮ್ಮ ಮಾಮೂಲಿ ರೋಗಿಗಳ ನಡುವೆ ವಾರಕ್ಕೆ 20 ಜನರನ್ನು ನೋಡಬಲ್ಲರು ಎಂದಿಟ್ಟುಕೊಳ್ಳಿ. 509 ಜನರ ಸರದಿ ಮುಗಿಯಲು ಆರು ತಿಂಗಳು ಬೇಕು. ನಿಜವಾಗಿ ರೋಗ ಇರುವ 9 ಜನ ಆ ಸಾಲಿನಲ್ಲಿ ಎಲ್ಲೆಲ್ಲೋ ನಿಂತಿದ್ದಾರೆ. ಅವರಲ್ಲಿ ಒಬ್ಬರ ಸರದಿ ಇಪ್ಪತ್ತೈದನೆಯ ವಾರಕ್ಕೆ ಬರಬಹುದು. ಗಂಟು ಹತ್ತಿದೆ, ರಕ್ತ ಬೀಳುತ್ತಿದೆ ಎಂದು ತಾವಾಗಿ ಬಂದ ರೋಗಿಗಳೂ ಅದೇ ಸಾಲಿನ ಹಿಂದಕ್ಕೆ ಸರಿದಿರುತ್ತಾರೆ. ಸ್ಕ್ರೀನಿಂಗ್‌ನಿಂದ ಪರೀಕ್ಷೆಗೆ ಬಾರದವರಿಗೂ ಹಾನಿ ಆಗಬಹುದು ಎಂದರೆ ಜನ ನಂಬುವುದಿಲ್ಲ. ಈ ಸಾಲನ್ನು ಒಮ್ಮೆ ಬರೆದು ತೋರಿಸಿದರೆ ನಂಬುತ್ತಾರೆ.

ರೋಗ ಇದ್ದ ಮೂವತ್ತೂ ಜನರನ್ನು ಹಿಡಿದಿದೆಯಂತೆ. ನೂರಕ್ಕೆ ನೂರು!

ಮೂವತ್ತು ಸಣ್ಣ ಸಂಖ್ಯೆ. ಒಂದು ಹಳೆಯ ಕೈಲೆಕ್ಕ ಇದೆ: ಇಷ್ಟು ಜನರಲ್ಲಿ ಒಂದೂ ತಪ್ಪಾಗಿಲ್ಲ ಎಂದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. ನಿಜವಾದ ತಪ್ಪಿನ ಪ್ರಮಾಣ ಅಷ್ಟರವರೆಗೂ ಇರಬಹುದು. ಮೂವತ್ತಕ್ಕೆ ಮೂರು, ಶೇ. 10. ಅಂದರೆ ಹತ್ತರಲ್ಲಿ ಒಬ್ಬ ರೋಗಿಯನ್ನು ಬಿಟ್ಟುಬಿಡುವ ಯಂತ್ರವೂ ಮೂವತ್ತು ಜನರ ಮುಂದೆ ಅದೃಷ್ಟವಶಾತ್ ನೂರಕ್ಕೆ ನೂರು ತೆಗೆಯಬಹುದು. ಮುನ್ನೂರು ಜನರಲ್ಲಿ ಒಂದೂ ತಪ್ಪಿಲ್ಲ ಎಂದರೆ ಆಗ ಮಾತನಾಡೋಣ.

ಕಾಯಿಲೆ ಬೇಗ ಪತ್ತೆಯಾದರೆ ಒಳ್ಳೆಯದೇ ಅಲ್ಲವೇ?

ಎಲ್ಲರೂ ಹೌದು ಎಂದುಕೊಂಡಿರುವ ಪ್ರಶ್ನೆ ಇದು. ನನ್ನ ಉತ್ತರ: ಕೆಲವು ಕಾಯಿಲೆಗಳಲ್ಲಿ ಹೌದು. ಎಲ್ಲಿ ಹೌದು, ಎಲ್ಲಿ ಅಲ್ಲ ಎನ್ನುವುದು ಪ್ರಯೋಗ ಮಾಡಿ ನೋಡುವವರೆಗೆ ಯಾರಿಗೂ ಹೇಳಲು ಬರುವುದಿಲ್ಲ.

ಮೊದಲ ಮೋಸ ಗಡಿಯಾರದ್ದು. ಇಬ್ಬರಿಗೆ ಒಂದೇ ಬಗೆಯ ಕ್ಯಾನ್ಸರ್, ಇಬ್ಬರೂ ತೀರಿಕೊಳ್ಳುವುದು 70ನೆಯ ವಯಸ್ಸಿನಲ್ಲಿ. ಒಬ್ಬನಿಗೆ 67ರಲ್ಲಿ ಕೆಮ್ಮು ಬಂದು ಪತ್ತೆಯಾಯಿತು, ಮೂರು ವರ್ಷ ಬದುಕಿದ. ಇನ್ನೊಬ್ಬನಿಗೆ ಸ್ಕ್ರೀನಿಂಗ್‌ನಲ್ಲಿ 62ಕ್ಕೇ ಪತ್ತೆಯಾಯಿತು, ಎಂಟು ವರ್ಷ ಬದುಕಿದ. ‘ಐದು ವರ್ಷ ಬದುಕಿ ಉಳಿದವರು’ ಎಂಬ ಪಟ್ಟಿಯಲ್ಲಿ ಎರಡನೆಯವನ ಹೆಸರಿದೆ, ಮೊದಲನೆಯವನದಿಲ್ಲ. ಸತ್ತ ವಯಸ್ಸು ಮಾತ್ರ ಒಂದೇ. ಎರಡನೆಯವನಿಗೆ ಸಿಕ್ಕಿದ್ದು ಐದು ವರ್ಷ ಹೆಚ್ಚಿನ ಆಯುಸ್ಸಲ್ಲ, ಐದು ವರ್ಷ ಹೆಚ್ಚಿನ ಚಿಂತೆ. ಆದ್ದರಿಂದ ಸ್ಕ್ರೀನಿಂಗ್ ಬಗ್ಗೆ ಮಾತನಾಡುವಾಗ ಯಾರಾದರೂ ‘ಬದುಕುಳಿಯುವ ಪ್ರಮಾಣ’ ಎಂದರೆ ನಾನು ‘ಸಾವಿನ ಪ್ರಮಾಣ ಹೇಳಿ’ ಎನ್ನುತ್ತೇನೆ.

ಎರಡನೆಯದು ಬಲೆಯ ಗುಣ. ವರ್ಷಕ್ಕೊಮ್ಮೆ ಬೀಸುವ ಬಲೆಗೆ ನಿಧಾನವಾಗಿ ಬೆಳೆಯುವ ಗಡ್ಡೆಗಳೇ ಹೆಚ್ಚು ಸಿಕ್ಕುತ್ತವೆ. ಕೆರಳಿ ಓಡುವ ಗಡ್ಡೆ ಎರಡು ತಪಾಸಣೆಗಳ ನಡುವೆಯೇ ಹುಟ್ಟಿ, ಲಕ್ಷಣ ತೋರಿಸಿ, ರೋಗಿಯನ್ನು ಆಸ್ಪತ್ರೆಗೆ ಸೇರಿಸಿರುತ್ತದೆ. ಹೀಗಾಗಿ ಸ್ಕ್ರೀನಿಂಗ್‌ನಲ್ಲಿ ಸಿಕ್ಕವರು ಚೆನ್ನಾಗಿ ಬದುಕುವುದರಲ್ಲಿ ಸ್ಕ್ರೀನಿಂಗ್‌ನ ಹೆಗ್ಗಳಿಕೆ ಎಷ್ಟು, ಗಡ್ಡೆಯ ಸಾಧುತನ ಎಷ್ಟು ಎಂದು ಬಿಡಿಸುವುದು ಕಷ್ಟ.

ಮೂರನೆಯದು ಎಲ್ಲಕ್ಕಿಂತ ಕಹಿ: ಅತಿಪತ್ತೆ. ಬದುಕಿರುವವರೆಗೂ ತೊಂದರೆಯನ್ನೇ ಕೊಡದಿದ್ದ ಬದಲಾವಣೆಯನ್ನು ಹುಡುಕಿ ತೆಗೆದು ಅದಕ್ಕೆ ರೋಗ ಎಂದು ಹೆಸರಿಡುವುದು. ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಯ ಅಲ್ಟ್ರಾಸೌಂಡ್ ವ್ಯಾಪಕವಾದ ಮೇಲೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿದ್ದುದಕ್ಕಿಂತ 2011ರ ಹೊತ್ತಿಗೆ ಹದಿನೈದು ಪಟ್ಟಾಯಿತು. ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಗ್ರಂಥಿ ತೆಗೆಸಿಕೊಂಡವರು ಮಾತ್ರ ಜೀವನಪೂರ್ತಿ ಮಾತ್ರೆ ನುಂಗಬೇಕು. ಜಪಾನಿನಲ್ಲಿ 1980ರ ದಶಕದಿಂದ ಆರು ತಿಂಗಳ ಶಿಶುಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಎಂಬ ಗಡ್ಡೆಯನ್ನು ಹುಡುಕುತ್ತಿದ್ದರು. ಪರೀಕ್ಷೆ ಸುಲಭ, ಕಾಯಿಲೆ ಭಯಂಕರ, ಯಾರು ಬೇಡ ಎನ್ನುತ್ತಾರೆ? 2002ರಲ್ಲಿ ಜರ್ಮನಿ ಮತ್ತು ಕೆನಡಾದ ಕ್ವಿಬೆಕ್‌ನ ಅಧ್ಯಯನಗಳು ಇದರಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ತೋರಿಸಿದವು. ಸಿಕ್ಕ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿಯೇ ಕರಗಿಹೋಗುವಂಥವು. ಆ ನಂತರ ಜಪಾನ್ ಕಾರ್ಯಕ್ರಮವನ್ನು ನಿಲ್ಲಿಸಿತು.

ಹಾಗಾದರೆ ‘ಆರಂಭದ ಹಂತದಲ್ಲೇ ಹೆಚ್ಚು ಸಿಕ್ಕುತ್ತಿವೆ’ ಎಂಬ ಸಾಕ್ಷ್ಯವಾದರೂ ಸಾಕೇ? ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಂಡಾಶಯದ ಕ್ಯಾನ್ಸರ್ ಪ್ರಯೋಗದ ಅಂತಿಮ ಫಲಿತಾಂಶ 2021ರಲ್ಲಿ ಬಂತು. ಪ್ರತಿವರ್ಷ ರಕ್ತಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಆರಂಭದ ಹಂತದ ಕ್ಯಾನ್ಸರ್ ಹೆಚ್ಚು ಸಿಕ್ಕಿತ್ತು, ಆದರೂ ಸಾವು ಕಡಿಮೆಯಾಗಲಿಲ್ಲ. ಒಂದೇ ರಕ್ತಪರೀಕ್ಷೆಯಲ್ಲಿ ಹತ್ತಾರು ಕ್ಯಾನ್ಸರ್ ಹುಡುಕುತ್ತೇವೆ ಎನ್ನುವ ಪರೀಕ್ಷೆಗಳ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಗೆದ್ದ ಕಥೆಗಳನ್ನೂ ಹೇಳಬೇಕು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಪ್ರಯೋಗದಲ್ಲಿ ಒಂದೇ ಒಂದು ಸಲ ಮಾಡಿದ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಆ ಕ್ಯಾನ್ಸರ್‌ನ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಇದು ಪ್ರಕಟವಾದದ್ದು 2009ರಲ್ಲಿ. ಅಮೆರಿಕದಲ್ಲಿ ಈಗ ಅಥವಾ ಹಿಂದೆ ಧೂಮಪಾನಿಗಳಾಗಿದ್ದ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದಲ್ಲಿ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಶ್ವಾಸಕೋಶದ ಕ್ಯಾನ್ಸರ್ ಸಾವನ್ನು ಶೇ. 20ರಷ್ಟು ತಗ್ಗಿಸಿತು. ಅದೇ ಪ್ರಯೋಗದಲ್ಲಿ ಸಿಟಿಯಲ್ಲಿ ಪಾಸಿಟಿವ್ ಎನಿಸಿಕೊಂಡ ಫಲಿತಾಂಶಗಳಲ್ಲಿ ಶೇ. 96 ಸುಳ್ಳು ಎಚ್ಚರಿಕೆಗಳಾಗಿದ್ದವು. ಎರಡೂ ಅಂಕಿ ನಿಜ. ಒಂದನ್ನು ಮಾತ್ರ ಹೇಳುವವರನ್ನು ಅನುಮಾನಿಸಿ, ಅದು ಯಾವುದೇ ಆಗಿರಲಿ.

ದೊಡ್ಡ ಆಸ್ಪತ್ರೆಯಲ್ಲಿ ಚೆನ್ನಾಗಿ ನಡೆದ ಸಾಧನ ಹೊರಗೆ ಏಕೆ ಸೋಲುತ್ತದೆ?

ಒಂದು ಕಾರಣ ಜನ. ದೊಡ್ಡ ಆಸ್ಪತ್ರೆಯಲ್ಲಿ ಒಂದು ಕಡೆ ಬಲಿತ ರೋಗಿಗಳು, ಇನ್ನೊಂದು ಕಡೆ ಗಟ್ಟಿಮುಟ್ಟಾದ ಸ್ವಯಂಸೇವಕರು. ಇವರಿಬ್ಬರನ್ನು ಬೇರ್ಪಡಿಸಲು ಯಂತ್ರ ಬೇಕೇ? ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತೆ. ಕಷ್ಟ ಇರುವುದು ನಡುವಿನವರಲ್ಲಿ: ರೋಗ ಈಗಷ್ಟೇ ಚಿಗುರುತ್ತಿರುವವರು, ಬೇರಾವುದೋ ಕಾಯಿಲೆಯಿಂದ ಅದೇ ಲಕ್ಷಣ ತೋರಿಸುವವರು. ನಿಜವಾದ ಬಳಕೆಯಲ್ಲಿ ಯಂತ್ರದ ಮುಂದೆ ಬರುವವರು ಇವರೇ.

ಇನ್ನೊಂದು ಕಾರಣ ಜಾಗ. ಮಧುಮೇಹಿಗಳ ಕಣ್ಣಿನ ಚಿತ್ರ ಓದುವ ಗೂಗಲ್‌ನ ಸಾಫ್ಟ್‌ವೇರ್ ಪ್ರಯೋಗಾಲಯದಲ್ಲಿ ತಜ್ಞರ ಮಟ್ಟದಲ್ಲಿತ್ತು. ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿ ಇಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೊದಲ ಆರು ತಿಂಗಳಲ್ಲಿ ಬಂದ 1,838 ಚಿತ್ರಗಳಲ್ಲಿ ಶೇ. 21ನ್ನು ಅದು ‘ಸ್ಪಷ್ಟವಿಲ್ಲ’ ಎಂದು ಓದಲು ಒಪ್ಪಲಿಲ್ಲ. ಕತ್ತಲೆ ಕೋಣೆ ಎಲ್ಲ ಕಡೆ ಇರಲಿಲ್ಲ, ಇಂಟರ್ನೆಟ್ ನಿಧಾನ, ದಾದಿಯರಿಗೆ ಬೇರೆ ಕೆಲಸಗಳಿದ್ದವು. ಈ ಸಾಧಾರಣ ಫಲಿತಾಂಶವನ್ನು ಮುಚ್ಚಿಡದೆ ಬರೆದವರ ಬಗ್ಗೆ ನನಗೆ ಗೌರವವಿದೆ. ಇಂಥ ವರದಿಗಳು ಇನ್ನೂ ಬೇಕು.

ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ಒಂದು ಶಿಬಿರದಿಂದ ಬಂದ ಅಕ್ಷಿಪಟಲದ ಚಿತ್ರಗಳಲ್ಲಿ ಸಾಫ್ಟ್‌ವೇರ್ ಬಹುಪಾಲನ್ನು ‘ಅನುಮಾನಾಸ್ಪದ’ ಎಂದಿತ್ತು. ಒಂದೊಂದಾಗಿ ತೆರೆದು ನೋಡಿದೆ. ಕೆಳಗಿನ ಎಡಮೂಲೆಯಲ್ಲಿ ಹತ್ತಿಯ ಎಳೆಯಂಥ ಒಂದು ಮಸುಕು. ಮುಂದಿನ ರೋಗಿಯಲ್ಲೂ ಅದೇ ಮೂಲೆ. ಕಣ್ಣಿನ ನರ ಒಳಬರುವ ಬೆಳ್ಳನೆಯ ಬಿಲ್ಲೆ ಬಲಗಣ್ಣಿನ ಚಿತ್ರದಲ್ಲಿ ಬಲಕ್ಕೆ, ಎಡಗಣ್ಣಿನದರಲ್ಲಿ ಎಡಕ್ಕೆ ಇರುತ್ತದೆ. ಕಣ್ಣು ಬದಲಾದಾಗ ಬಿಲ್ಲೆ ಜಾಗ ಬದಲಿಸುತ್ತಿತ್ತು, ಮಸುಕು ಮಾತ್ರ ಕದಲಲಿಲ್ಲ. ಫೋನ್ ಮಾಡಿ ಕ್ಯಾಮೆರಾದ ಲೆನ್ಸ್ ನೋಡಿ ಎಂದೆ. ಹೆಬ್ಬೆರಳಿನ ಗುರುತು. ದಾದಿ ಬಟ್ಟೆಯಲ್ಲಿ ಒರೆಸಿದರು, ಅಲ್ಲಿಗೆ ‘ಕಾಯಿಲೆ’ ವಾಸಿಯಾಯಿತು. ಕೋಟಿಗಟ್ಟಲೆ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ, ಸಾಲಾಗಿ ಬಂದ ಇಷ್ಟು ಜನರಿಗೂ ಒಂದೇ ಜಾಗದಲ್ಲಿ ಹುಣ್ಣು ಹೇಗೆ ಎಂಬ ಸಂಶಯ ಬಂದಿರಲಿಲ್ಲ. ಅದು ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡುತ್ತಿತ್ತು.

ಕೃತಕ ಬುದ್ಧಿಮತ್ತೆ ತಜ್ಞ ವೈದ್ಯರನ್ನು ಮೀರಿಸಿದೆ ಎಂಬ ಸುದ್ದಿ ನಿಜವೇ?

ಒಂದು ನಿರ್ದಿಷ್ಟ ಚಿತ್ರರಾಶಿಯ ಮೇಲೆ ನಿಜವಿರಬಹುದು. ಆದರೆ ಅದು ಏನನ್ನು ನೋಡಿ ಉತ್ತರ ಹೇಳಿತು ಎಂದು ಕೆದಕಬೇಕು. ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಹುಡುಕಲು ಕಲಿಸಿದ ಒಂದು ಮಾದರಿ ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನೇ ಬಹುಮಟ್ಟಿಗೆ ಗುರುತಿಸಬಲ್ಲದು ಎಂದು 2018ರ ಅಧ್ಯಯನವೊಂದು ತೋರಿಸಿತು. ರೋಗಿಗಳು ಹೆಚ್ಚಿರುವ ಆಸ್ಪತ್ರೆಯ ಚಿತ್ರ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆಯೇ. ಚರ್ಮದ ಮಚ್ಚೆಗಳ ಚಿತ್ರದಲ್ಲಿ ವೈದ್ಯರು ಪೆನ್ನಿನಿಂದ ಗುರುತು ಹಾಕಿದ್ದರೆ ಯಂತ್ರ ಅದನ್ನು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎನ್ನುವ ಸಾಧ್ಯತೆ ಹೆಚ್ಚುತ್ತಿತ್ತು. ಇದು 2019ರ ವರದಿ. ವೈದ್ಯರಿಗೆ ಅನುಮಾನ ಬಂದ ಮಚ್ಚೆಗೇ ತಾನೆ ಗುರುತು ಹಾಕುವುದು? ಪರೀಕ್ಷೆಯಲ್ಲಿ ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹುಡುಗನ ಜಾಣತನ ಇದು.

ಕೋವಿಡ್ ಕಾಲದಲ್ಲಿ ಎಕ್ಸ್‌ರೇ ಮತ್ತು ಸಿಟಿ ಓದುವ ಮಾದರಿಗಳ ಪ್ರವಾಹವೇ ಬಂತು. ಅವುಗಳಲ್ಲಿ ಗುಣಮಟ್ಟದ ಜರಡಿ ದಾಟಿದ 62 ಅಧ್ಯಯನಗಳನ್ನು 2021ರಲ್ಲಿ ಪರಿಶೀಲಿಸಿದವರು, ಒಂದೂ ಚಿಕಿತ್ಸೆಯಲ್ಲಿ ಬಳಸಲು ಯೋಗ್ಯವಲ್ಲ ಎಂದು ಬರೆದರು. ಕೆಲವರು ‘ಕೋವಿಡ್ ಇಲ್ಲದವರು’ ಎಂದು ಮಕ್ಕಳ ಎಕ್ಸ್‌ರೇಗಳನ್ನು ಬಳಸಿದ್ದರು. ಯಂತ್ರ ಕಲಿತದ್ದು ದೊಡ್ಡವರನ್ನೂ ಮಕ್ಕಳನ್ನೂ ಬೇರೆ ಮಾಡುವುದನ್ನು.

ಆದ್ದರಿಂದ ನಾನು ನೋಡುವುದು ಇಷ್ಟು. ಕಲಿಸಿದ ಚಿತ್ರಗಳೂ ಪರೀಕ್ಷಿಸಿದ ಚಿತ್ರಗಳೂ ಬೇರೆ ಬೇರೆ ರೋಗಿಗಳವೇ, ಬೇರೆ ಆಸ್ಪತ್ರೆಯವೇ? ಒಬ್ಬನೇ ರೋಗಿಯ ಎರಡು ಚಿತ್ರ ಎರಡೂ ಕಡೆ ನುಸುಳಿದ್ದರೆ ಫಲಿತಾಂಶ ಕಸದ ಬುಟ್ಟಿಗೆ. ಪಾಸಿಟಿವ್ ಎನ್ನುವ ಗೆರೆಯನ್ನು ಮೊದಲೇ ಎಳೆದಿದ್ದರೋ, ಫಲಿತಾಂಶ ನೋಡಿ ಆಮೇಲೆ ಎಳೆದರೋ? ಯಂತ್ರ ಮತ್ತು ವೈದ್ಯ ಒಟ್ಟಿಗೆ ಕೂತಾಗ ಏನಾಯಿತು? ಕೊನೆಯದು ಬಹಳ ಮುಖ್ಯ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಓದಲು ನೆರವಾಗುವ ಹಳೆಯ ಪೀಳಿಗೆಯ ಸಾಫ್ಟ್‌ವೇರ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು, ಎಲ್ಲೆಡೆ ಹರಡಿತು. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ಅದರಿಂದ ವೈದ್ಯರ ಓದು ಕಿಂಚಿತ್ತೂ ಉತ್ತಮವಾಗಿಲ್ಲ ಎಂದಿತು. ಹದಿನೇಳು ವರ್ಷ!

ಹಾಗೆಂದು ಬಾಗಿಲು ಮುಚ್ಚಿ ಕೂರಬೇಕಿಲ್ಲ. ಸ್ವೀಡನ್ನಿನಲ್ಲಿ 80,000 ಮಹಿಳೆಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ಹೊಸ ಪೀಳಿಗೆಯ ಸಾಫ್ಟ್‌ವೇರನ್ನು ಪರೀಕ್ಷಿಸಿದರು. 2023ರಲ್ಲಿ ಬಂದ ಮೊದಲ ಫಲಿತಾಂಶದಂತೆ ಕ್ಯಾನ್ಸರ್ ಪತ್ತೆ ಕಡಿಮೆಯಾಗಲಿಲ್ಲ, ಮ್ಯಾಮೊಗ್ರಾಂ ಓದುವ ವೈದ್ಯರ ಹೊರೆ ಶೇ. 44ರಷ್ಟು ತಗ್ಗಿತು. ಪ್ರಶ್ನೆ ಕೇಳುವ ಕ್ರಮ ಇದು.

ತಜ್ಞರೇ ತಪ್ಪು ಮಾಡಿದರೆ ಯಂತ್ರವನ್ನು ಯಾವುದರ ಜೊತೆ ಹೋಲಿಸುವುದು?

ಸಾಧ್ಯವಾದರೆ ತಜ್ಞರ ಅಭಿಪ್ರಾಯಕ್ಕಿಂತ ಗಟ್ಟಿಯಾದದ್ದರ ಜೊತೆ: ಬಯಾಪ್ಸಿ, ರೋಗಾಣು ಬೆಳೆಸಿ ನೋಡುವ ಕಲ್ಚರ್, ಒಂದೆರಡು ವರ್ಷಗಳ ಅನುಸರಣೆ. ಇಬ್ಬರು ತಜ್ಞರ ಸಹಮತವನ್ನು ಶೇಕಡಾವಾರಿನಲ್ಲಿ ಹೇಳಿದರೆ ಮೋಸಹೋಗಬೇಡಿ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ, ಚಿತ್ರವನ್ನೂ ನೋಡದೆ, ಶೇ. 95ಕ್ಕೆ ‘ಸರಿಯಿದೆ’ ಎಂದು ಬರೆಯುತ್ತಾ ಹೋದರೂ ಶೇ. 90ಕ್ಕಿಂತ ಹೆಚ್ಚು ಸಲ ಒಪ್ಪಿಗೆಯಾಗುತ್ತದೆ. ಈ ಕಾಕತಾಳೀಯವನ್ನು ಕಳೆದು ಹೇಳುವ ಕಪ್ಪಾ ಎಂಬ ಅಳತೆ 1960ರಿಂದಲೂ ಇದೆ, ಅದನ್ನು ಕೇಳಿ.

ಇನ್ನೊಂದು ಸೂಕ್ಷ್ಮ: ಯಂತ್ರ ಪಾಸಿಟಿವ್ ಎಂದವರಿಗೆ ಮಾತ್ರ ಬಯಾಪ್ಸಿ ಮಾಡಿದ್ದರೆ, ನೆಗೆಟಿವ್ ಎಂದವರಲ್ಲಿ ಎಷ್ಟು ಜನರಿಗೆ ರೋಗವಿತ್ತು ಎಂದು ತಿಳಿಯುವುದೇ ಇಲ್ಲ. ಅಂಥ ಅಧ್ಯಯನದಲ್ಲಿ ಸಂವೇದನೆಯ ಅಂಕಿ ಆಕಾಶಕ್ಕೇರಿರುತ್ತದೆ.

ದೂರದಿಂದ ರೋಗಪತ್ತೆಯಲ್ಲಿ ಬೇರೆ ಏನನ್ನು ಪರೀಕ್ಷಿಸಬೇಕು?

ಇಡೀ ಸರಪಳಿಯನ್ನು. ನೆದರ್ಲೆಂಡ್ಸ್‌ನ ವಿಜ್ಞಾನಿ ವಿಲೆಮ್ ಐಂತೋವನ್ 1905ರಲ್ಲಿ ಲೈಡನ್ ನಗರದ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಹೃದಯದ ಇಸಿಜಿ ತರಿಸಿಕೊಂಡರು. ಅವರ ಯಂತ್ರ ಆಸ್ಪತ್ರೆಗೆ ಸಾಗಿಸಲಾರದಷ್ಟು ದೊಡ್ಡದಾಗಿತ್ತು. ದೂರವೈದ್ಯದ ಮೂಲ ಇಷ್ಟೇ ಸರಳ: ರೋಗಿ ಒಂದು ಕಡೆ, ನೋಡುವ ಕಣ್ಣು ಇನ್ನೊಂದು ಕಡೆ, ನಡುವೆ ಒಂದು ತಂತಿ. ಆ ಮೂರೂ ಕಡೆ ಕೆಡಬಹುದು.

ರೋಗಿಯ ಕಡೆ: ಚಿತ್ರ ತೆಗೆದವರು ಯಾರು, ಎಷ್ಟು ತರಬೇತಿ, ಬೆಳಕು ಹೇಗಿತ್ತು. ತಂತಿಯಲ್ಲಿ: ಚಿತ್ರವನ್ನು ಅತಿಯಾಗಿ ಹಿಂಡಿ ಕಳಿಸಿದರೆ ಕಣ್ಣಿನ ಸೂಕ್ಷ್ಮ ರಕ್ತನಾಳಗಳ ಚುಕ್ಕೆಯಂಥ ಉಬ್ಬುಗಳು ಮಾಯವಾಗಬಹುದು, ಮತ್ತು ಮಧುಮೇಹ ಮೊದಲು ತೋರಿಸಿಕೊಳ್ಳುವುದೇ ಆ ಚುಕ್ಕೆಗಳಲ್ಲಿ. ನೋಡುವ ಕಡೆ: ಚರ್ಮದ ಗಂಟನ್ನು ಬೆರಳಿನಿಂದ ಒತ್ತಿ ನೋಡಲು ಆಗುವುದಿಲ್ಲ, ಎದುರು ಕೂತವರನ್ನು ‘ಇದು ಯಾವಾಗಿನಿಂದ?’ ಎಂದು ಕೇಳಲೂ ಬಹಳ ಸಲ ಆಗುವುದಿಲ್ಲ.

ಅಂಕಿಗಳಲ್ಲಿ ಒಂದು ಕೈಚಳಕವಿದೆ. 100 ಚಿತ್ರ ಬಂದವು, 20 ಓದಲು ಬರಲಿಲ್ಲ, ಉಳಿದ 80ರಲ್ಲಿ 72 ಸರಿ. ವರದಿಯಲ್ಲಿ ‘ಶೇ. 90 ಸರಿ’ ಎಂದಿರುತ್ತದೆ. ಬಂದವರ ಲೆಕ್ಕದಲ್ಲಿ ಅದು 72. ಓದಲಾಗದ ಚಿತ್ರದ ಹಿಂದೆಯೂ ಒಬ್ಬ ಮನುಷ್ಯ ಕೂತಿದ್ದಾನೆ, ಅದೂ ಸಾಮಾನ್ಯವಾಗಿ ಪೊರೆ ಬಂದ ವಯಸ್ಸಾದವನು. ಅವನಿಗೇ ರೋಗದ ಸಾಧ್ಯತೆ ಹೆಚ್ಚು.

ಕೊನೆಗೆ, ಸಮಯ. ಯಂತ್ರ ಎರಡು ನಿಮಿಷದಲ್ಲಿ ಓದಿತು ಎನ್ನುತ್ತಾರೆ. ಚಿತ್ರ ತೆಗೆದ ಗಳಿಗೆಯಿಂದ ರೋಗಿಯ ಕಿವಿಗೆ ಉತ್ತರ ಬಿದ್ದು, ಅವನು ಮುಂದಿನ ಆಸ್ಪತ್ರೆಯ ಮೆಟ್ಟಿಲು ಹತ್ತುವವರೆಗೆ ಎಷ್ಟು ದಿನ? ಎಷ್ಟು ಜನ ಹತ್ತಲೇ ಇಲ್ಲ? ಈ ಎರಡು ಅಂಕಿ ಇಲ್ಲದ ದೂರವೈದ್ಯದ ವರದಿ ಅರ್ಧ ಬರೆದ ಕಾಗದ.

ಕೈಗಡಿಯಾರ, ಆಕ್ಸಿಮೀಟರ್, ಮನೆಯ ಬಿಪಿ ಯಂತ್ರಗಳನ್ನು ನಂಬಬಹುದೇ?

ಒಂದೊಂದಕ್ಕೂ ಒಂದೊಂದು ಉತ್ತರ. ಆ್ಯಪಲ್ ಗಡಿಯಾರದ ಅಧ್ಯಯನದಲ್ಲಿ 4,19,297 ಜನ ಇದ್ದರು. ನಾಡಿ ಏರುಪೇರಾಗಿದೆ ಎಂಬ ಎಚ್ಚರಿಕೆ ಬಂದದ್ದು ಶೇ. 0.52 ಜನರಿಗೆ. ಅವರಲ್ಲಿ ಇಸಿಜಿ ಪಟ್ಟಿ ಅಂಟಿಸಿಕೊಂಡು ಹಿಂದಿರುಗಿಸಿದ 450 ಜನರಲ್ಲಿ ಶೇ. 34 ಮಂದಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕಂಡಿತು: ಹೃದಯದ ಬಡಿತ ಲಯ ತಪ್ಪುವ, ಪಾರ್ಶ್ವವಾಯುವಿಗೆ ದಾರಿಮಾಡಬಲ್ಲ ಕಾಯಿಲೆ ಇದು. ಈ ಕಾಯಿಲೆ ಬಂದು ಹೋಗಿ ಮಾಡುವುದರಿಂದ ಉಳಿದ ಎಚ್ಚರಿಕೆಗಳೆಲ್ಲ ಸುಳ್ಳು ಎನ್ನುವಂತಿಲ್ಲ. ಗಡಿಯಾರದ ಮಟ್ಟಿಗೆ ಒಳ್ಳೆಯ ಕೆಲಸವೇ. ಆದರೆ ಪತ್ತೆಯಿಂದ ಪಾರ್ಶ್ವವಾಯು ತಪ್ಪುತ್ತದೆಯೇ? ಡೆನ್ಮಾರ್ಕ್‌ನಲ್ಲಿ 70 ದಾಟಿದ ಸುಮಾರು 6,000 ಜನರನ್ನು ಆರಿಸಿ, ಒಂದು ಗುಂಪಿಗೆ ಎದೆಯ ಚರ್ಮದಡಿ ಸದಾ ದಾಖಲಿಸುವ ಯಂತ್ರವನ್ನೇ ಹೂತಿಟ್ಟರು. ಪತ್ತೆ ಮೂರು ಪಟ್ಟಾಯಿತು, ರಕ್ತ ತೆಳುವಾಗಿಸುವ ಔಷಧದ ಬಳಕೆಯೂ ಏರಿತು. ಪಾರ್ಶ್ವವಾಯು ಗಣನೀಯವಾಗಿ ಇಳಿಯಲಿಲ್ಲ ಎಂದು 2021ರಲ್ಲಿ ವರದಿಯಾಯಿತು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಲೆಕ್ಕ ಹಾಕುತ್ತದೆ, ಚರ್ಮದ ಬಣ್ಣ ನಡುವೆ ಬರುತ್ತದೆ. ಅಮೆರಿಕದ 2020ರ ಅಧ್ಯಯನದಲ್ಲಿ ಆಕ್ಸಿಮೀಟರ್ ‘ಪರವಾಗಿಲ್ಲ’ ಎಂದರೂ ರಕ್ತದಲ್ಲಿ ಆಮ್ಲಜನಕ ಕುಸಿದಿದ್ದ ಪ್ರಕರಣಗಳು ಕಪ್ಪು ವರ್ಣೀಯ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಇದ್ದವು. ಈ ಸಾಧನ ದಶಕಗಳಿಂದ ಪ್ರತಿ ಆಸ್ಪತ್ರೆಯಲ್ಲೂ ಇದೆ.

ತೋಳಿಗೆ ಪಟ್ಟಿ ಸುತ್ತುವ ಬಿಪಿ ಯಂತ್ರಗಳಿಗೆ ಅಂತರರಾಷ್ಟ್ರೀಯ ಮಾನದಂಡವಿದೆ: ಕನಿಷ್ಠ 85 ಜನರ ಮೇಲೆ ಪರೀಕ್ಷೆ, ಸರಾಸರಿ ತಪ್ಪು 5 ಮಿಲಿಮೀಟರ್ ಪಾದರಸದೊಳಗೆ. ಪಟ್ಟಿಯೇ ಇಲ್ಲದ ಹೊಸ ಸಾಧನಗಳಿಗೆ ಈ ಪರೀಕ್ಷೆ ಸಾಲದು. ಅವುಗಳಲ್ಲಿ ಬಹಳಷ್ಟಕ್ಕೆ ಮೊದಲು ಸಾಮಾನ್ಯ ಯಂತ್ರದ ಅಂಕಿ ತುಂಬಿಸಬೇಕು. ಆಮೇಲೆ ಸುಮ್ಮನೆ ಕೂರಿಸಿ ಅಳೆದರೆ, ಏನನ್ನೂ ಅಳೆಯದೆ ತುಂಬಿಸಿದ ಅಂಕಿಯನ್ನೇ ಗಿಣಿಪಾಠ ಒಪ್ಪಿಸುವ ಸಾಧನವೂ ಪಾಸಾಗುತ್ತದೆ. ರಕ್ತದೊತ್ತಡ ಏರಿಳಿಯುವಾಗ ಅಳೆದು ನೋಡಿದ್ದಾರೆಯೇ ಎಂದು ಕೇಳಿ.

ನಿಯಂತ್ರಣ ಸಂಸ್ಥೆಯ ಅನುಮತಿ ಇದೆಯಲ್ಲ, ಸಾಲದೇ?

ಸಾಲದು. ಅನುಮತಿ ಎಂದರೆ ಮಾರಬಹುದು ಎಂದರ್ಥ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ದಾರಿಯಲ್ಲಿ, ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಇದು ಬಹುಮಟ್ಟಿಗೆ ಸಮಾನ ಎಂದು ತೋರಿಸಿದರೆ ಸಾಕು. ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಯೇ ಎಂಬುದು ಅಲ್ಲಿನ ಪ್ರಶ್ನೆಯಲ್ಲ.

ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಹಳೆಯ ಸಾಕ್ಷ್ಯ ನಡೆಯುತ್ತದೆಯೇ?

ಆವೃತ್ತಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಧ್ಯಯನ ಮಾಡಿದ್ದು ಒಂದು ಆವೃತ್ತಿ, ನಿಮಗೆ ಕೊಡುವುದು ಮತ್ತೊಂದಾದರೆ ನಡುವೆ ಏನು ಬದಲಾಯಿತು ಎಂಬ ಲಿಖಿತ ಉತ್ತರ ಬೇಕು. ಸಾಫ್ಟ್‌ವೇರ್ ಹಾಗೆಯೇ ಇದ್ದು ನಿಮ್ಮ ಕ್ಯಾಮೆರಾ ಬದಲಾದರೂ ಮತ್ತೆ ಪರೀಕ್ಷಿಸಬೇಕು.

ಪ್ರತಿಯೊಂದಕ್ಕೂ ವರ್ಷಗಟ್ಟಲೆ ಪ್ರಯೋಗ ನಡೆಸುತ್ತಾ ಕೂತರೆ ಜನ ಸಾಯುವುದಿಲ್ಲವೇ?

ನ್ಯಾಯವಾದ ಸಿಟ್ಟು. ಎಲ್ಲಕ್ಕೂ ದೊಡ್ಡ ಪ್ರಯೋಗ ಬೇಕಿಲ್ಲ. ಪರೀಕ್ಷೆಯೊಂದನ್ನು ಅಳೆಯಲು ಫ್ರೈಬ್ಯಾಕ್ ಮತ್ತು ಥಾರ್ನ್‌ಬರಿ ಎಂಬ ಸಂಶೋಧಕರು 1991ರಲ್ಲಿ ಆರು ಮೆಟ್ಟಿಲುಗಳನ್ನು ಹೇಳಿದರು: ಚಿತ್ರ ಚೆನ್ನಾಗಿದೆಯೇ, ರೋಗ ಸರಿಯಾಗಿ ಗುರುತಿಸುತ್ತದೆಯೇ, ವೈದ್ಯರ ಯೋಚನೆ ಬದಲಾಯಿತೇ, ಚಿಕಿತ್ಸೆ ಬದಲಾಯಿತೇ, ರೋಗಿಗೆ ಒಳಿತಾಯಿತೇ, ಸಮಾಜಕ್ಕೆ ಆ ಖರ್ಚು ತಕ್ಕುದೇ. ಹೊಸ ಪರೀಕ್ಷೆ ಹಳೆಯದು ಹಿಡಿಯುತ್ತಿದ್ದ ಅದೇ ರೋಗಿಗಳನ್ನೇ ಸುಲಭವಾಗಿ ಹಿಡಿಯುವುದಾದರೆ, ಅವರಿಗೆ ಚಿಕಿತ್ಸೆ ಫಲಿಸುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಎರಡನೆಯ ಮೆಟ್ಟಿಲೇ ಸಾಕಾಗಬಹುದು. ಹಳೆಯದಕ್ಕೆ ಕಾಣದಿದ್ದ ಹೊಸ ಬಗೆಯ ‘ರೋಗಿ’ಗಳನ್ನು ಅದು ಹುಟ್ಟುಹಾಕುತ್ತಿದ್ದರೆ ಐದನೆಯ ಮೆಟ್ಟಿಲು ಹತ್ತಲೇಬೇಕು.

ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಹುಡುಕುವ ಸಾಫ್ಟ್‌ವೇರನ್ನು 15 ವರ್ಷ ಮೇಲ್ಪಟ್ಟವರಲ್ಲಿ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನನಗೆ ಅದು ಸಮಂಜಸ ಎನಿಸಿತು. ಆ ಸಾಫ್ಟ್‌ವೇರ್ ತೀರ್ಪು ಕೊಡುವುದಿಲ್ಲ, ಯಾರ ಕಫ ಪರೀಕ್ಷಿಸಬೇಕು ಎಂದು ಆರಿಸುತ್ತದೆ. ಹಿಂದೆ ಕಫದ ಪರೀಕ್ಷೆ ಇದೆ, ಅದರ ಹಿಂದೆ ಫಲಿಸುವ ಔಷಧ ಇದೆ.

ಮಾರಾಟಗಾರರ ಜೊತೆಗಿನ ಮೊದಲ ಸಭೆಯಲ್ಲಿ ಏನು ಕೇಳಲಿ?

ನಾನು ಪ್ರಾತ್ಯಕ್ಷಿಕೆ ಬೇಡ ಎನ್ನುತ್ತೇನೆ. ಅವರು ತಂದ ಚಿತ್ರಗಳ ಮೇಲೆ ಅವರ ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ಬದಲಾಗಿ, ಯಂತ್ರ ತಪ್ಪಿದ ಪ್ರಕರಣಗಳನ್ನು ತನ್ನಿ ಎನ್ನುತ್ತೇನೆ: ರೋಗ ಇದ್ದೂ ಬಿಟ್ಟುಬಿಟ್ಟ ಹತ್ತು, ಇಲ್ಲದೆಯೂ ಹಿಡಿದ ಹತ್ತು, ರೋಗಿಯ ಹೆಸರು-ಗುರುತು ತೆಗೆದು. ಆ ಇಪ್ಪತ್ತು ಚಿತ್ರಗಳನ್ನು ತಜ್ಞರೊಬ್ಬರ ಜೊತೆ ಕೂತು ನೋಡಿದರೆ, ಯಂತ್ರ ಎಡವುವುದು ಎಲ್ಲಿ ಎಂದು ಇನ್ನೂರು ಪುಟಗಳ ಕಡತಕ್ಕಿಂತ ಹೆಚ್ಚು ತಿಳಿಯುತ್ತದೆ. ತಪ್ಪುಗಳ ಪಟ್ಟಿಯನ್ನು ತಾವಾಗಿ ಇಟ್ಟುಕೊಂಡಿರುವ ತಂಡ ಒಂದೆರಡು ದಿನದಲ್ಲಿ ಕಳಿಸುತ್ತದೆ. ‘ಅಂಥ ಪ್ರಕರಣಗಳು ಇಲ್ಲವೇ ಇಲ್ಲ’ ಎಂದು ನನಗೆ ಎರಡು ಸಲ ಉತ್ತರ ಬಂದಿದೆ. ಎರಡೂ ಸಲ ಕಾಫಿ ತಣ್ಣಗಾಗುವ ಮೊದಲೇ ಸಭೆ ಮುಗಿಯಿತು.